ಉಪಾಸದ ಪಾತಿ

ಮುಡುಕುತೊರೆಯ ಹತ್ತಿರದ ಅಕ್ಕನ ಊರಿನಿಂದ ನಂಜನಗೂಡಿನ ನನ್ನ ಅಡುಗೆಮನೆಗೆ ಒಂದೆಲಗದ ಸೊಪ್ಪು ಬರುವುದು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು, ನನ್ನ ತೊಡೆಯ ಮೇಲೆ ಕೂತು, ನರಸೀಪುರದಲ್ಲಿ ಬಸ್ಸು ಬದಲಿಸಿಕೊಂಡು. ದಾರಿಯುದ್ದಕ್ಕೂ ಸೀರೆಯನ್ನು ತಣ್ಣಗೆ ತೋಯಿಸುತ್ತ, ಪಕ್ಕದಲ್ಲಿ ಕೂತವರಿಂದ “ಏನ್ರವ್ವ ಅದು, ಮೀನಾ?” ಎಂದು ಕೇಳಿಸಿಕೊಳ್ಳುತ್ತ ಬರುತ್ತದೆ ಆ ಗಂಟು. ಹೆಸರಿಗೇನೋ ಒಂದೆಲಗ, ಆದರೆ ಒಂದು ಎಲೆಗೆ ತೃಪ್ತಿಪಡುವ ಜಾಯಮಾನ ಅದರದ್ದಲ್ಲ. ನೆಲಕ್ಕೆ ಎದೆ ಹಚ್ಚಿ ಹಂಬು ಹರಿಸುತ್ತ, ಗೆಣ್ಣು ತಾಗಿದಲ್ಲೆಲ್ಲ ಬೇರಿಳಿಸುತ್ತ, ನೀವು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಪಾತಿ ತುಂಬಿರುತ್ತದೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ನಮ್ಮವ್ವ ಪರೀಕ್ಷೆಯ ದಿನಗಳಲ್ಲಿ ಇದರ ಚಟ್ನಿ ರುಬ್ಬಿ ಅನ್ನಕ್ಕೆ ಕಲಸಿಕೊಡುತ್ತಿದ್ದಳು. ಓದಿದ್ದು ಎಷ್ಟು ನೆನಪುಳಿಯಿತೋ ಕಾಣೆ. ಚಟ್ನಿ ತಿಂದದ್ದಂತೂ ಚೆನ್ನಾಗಿ ನೆನಪಿದೆ.

ಆ ಚಟ್ನಿಯ ಜೀವವಿರುವುದು ಒಗರಿನಲ್ಲಿ. ಪಾಪ, ರಸಗಳಲ್ಲೆಲ್ಲ ಬಡಪಾಯಿ ಎಂದರೆ ಒಗರೇ. ಸಿಹಿಗೆ ಎಲೆಯ ತುದಿಯಲ್ಲಿ ಮರ್ಯಾದೆ, ಕಹಿಗೆ ಯುಗಾದಿಯಂದು ಬೆಲ್ಲದ ಜೊತೆಗಾರಿಕೆ, ಹುಳಿಗೂ ಖಾರಕ್ಕೂ ದಿನವೂ ಹಬ್ಬ; ಒಗರಿಗೆ ಮಾತ್ರ ಯಾವ ಹಬ್ಬವೂ ಇಲ್ಲ, ಯಾವ ನೆಂಟನೂ ‘ಇನ್ನೊಂದು ಸ್ವಲ್ಪ ಒಗರು ಬಡಿಸಿ’ ಅಂದವನಲ್ಲ. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಗೆ ಹಿಂದಕ್ಕೆ ಸರಿದು ನಿಲ್ಲುತ್ತದಲ್ಲ, ಆ ಅನುಭವವನ್ನು ನಾವು ರುಚಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಅನಾಥ ರಸಕ್ಕೂ ಒಂದು ಘನತೆಯುಂಟು ಎಂದು ನನಗೆ ತಿಳಿಸಿದವಳು ಅಕ್ಕನ ಮಗಳು ಚೈತ್ರ.

ಚೈತ್ರ ಮೈಸೂರಿನ ಹಾಸ್ಟೆಲಿನಲ್ಲಿದ್ದು ಸಸ್ಯಶಾಸ್ತ್ರದಲ್ಲಿ ಎಮ್ಮೆಸ್ಸಿ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಮನೆಯ ಹಿತ್ತಲ ಒಂದೆಲಗವನ್ನೇ. ಕೊಟ್ಟಿಗೆ ಗೊಬ್ಬರ ತಿಂದ ಗಿಡ, ಸೀಮೆಗೊಬ್ಬರ ತಿಂದ ಗಿಡ, ಇವೆರಡರ ಎಲೆಯಲ್ಲಿ ಆಂಟಿಆಕ್ಸಿಡೆಂಟು ಎಂಬುದು ಯಾವುದರಲ್ಲಿ ಹೆಚ್ಚು? ಈ ಪದಾರ್ಥಕ್ಕೆ ಕನ್ನಡದಲ್ಲಿ ‘ಉತ್ಕರ್ಷಣ ನಿರೋಧಕ’ ಎನ್ನುತ್ತಾರಂತೆ. ಕೇಳಿದರೆ, ಯಾರದೋ ಉತ್ಕರ್ಷಕ್ಕೆ ಅಡ್ಡಗಾಲು ಹಾಕುವ ದಾಯಾದಿಯ ಹಾಗಿದೆ. ಅಕ್ಕನಿಗೆ ಮಗಳು ಸರಳವಾಗಿಯೇ ಹೇಳಿಕೊಟ್ಟಳು: “ಕಬ್ಬಿಣಕ್ಕೆ ತುಕ್ಕು ಹಿಡೀತದಲ್ಲ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗ್ತದಲ್ಲ, ಮೈಯೊಳಗೂ ಅಂಥದ್ದೊಂದು ನಡೀತಿರ್ತದೆ ಕಣವ್ವ. ಅದನ್ನ ತಡೆಯೋ ವಸ್ತು ಇದು. ನೀವು ಒಗರು ಅಂತೀರಲ್ಲ, ಅದರಲ್ಲಿ ಇದರ ಸಂಬಂಧಿಕರೇ ಜಾಸ್ತಿ.” ಅಕ್ಕ ತಲೆದೂಗಿ, “ಅಂಗಂದ್ರೆ ಬದನೇಕಾಯ ನೀರ್ಗಾಕ್ದಂಗೆ ಅನ್ನು” ಅಂದಳು. ಅಲ್ಲಿಗೆ ಪಾಠ ಮುಗಿಯಿತು.

ಹಿತ್ತಲಲ್ಲಿ ಮೂರು ಪಾತಿಗಳಾದವು. ಒಂದೇ ಮಣ್ಣು, ಒಂದೇ ನೀರು, ಒಂದೇ ದಿನ ನೆಟ್ಟ ಹಂಬು. ಮೊದಲನೆಯದಕ್ಕೆ ತಿಪ್ಪೆಯ ಗೊಬ್ಬರ, ಎರಡನೆಯದಕ್ಕೆ ಭಾವನ ಚೀಲದಿಂದ ಯೂರಿಯಾ ಮತ್ತದರ ಬಳಗ, ಮೂರನೆಯದಕ್ಕೆ ಏನೂ ಇಲ್ಲ. ಮಿಕ್ಕೆರಡನ್ನು ಅಳೆಯುವುದಕ್ಕೆ ಈ ಮೂರನೆಯದೇ ಕೋಲು ಎಂದು ಚೈತ್ರ ಎಷ್ಟು ಬಿಡಿಸಿ ಹೇಳಿದರೂ ಅಕ್ಕನ ಬಾಯಲ್ಲಿ ಅದು ‘ಉಪಾಸದ ಪಾತಿ’ ಆಯಿತು. “ಯಾವ ಗೊಬ್ಬರಾನೂ ಹಾಕ್ಬೇಡ ಕಣವ್ವ, ಇದರ ಮೇಲೇ ನನ್ನ ಪ್ರಾಜೆಕ್ಟು ನಿಂತಿರೋದು” ಎಂದು ಮಗಳು ಕೈಮುಗಿದು ಹಾಸ್ಟೆಲಿಗೆ ಹೋದಳು. “ಆಕಾಕಿಲ್ಲ ಓಗವ್ವ” ಎಂದಳು ಅಕ್ಕ. ಮಾತಿಗೆ ತಪ್ಪಲೂ ಇಲ್ಲ.

ಸೊಪ್ಪು ಕೊಯ್ಯುವ ಹೊತ್ತಿಗೆ ನಾನೂ ಅಲ್ಲಿದ್ದೆ. ಮೂರನೆಯ ಪಾತಿ ಮೊದಲನೆಯದರ ಜೊತೆ ಪೈಪೋಟಿಗೆ ಬಿದ್ದಂತೆ ಸೊಂಪಾಗಿ ಹಬ್ಬಿತ್ತು. ಚೈತ್ರ ಅದರ ಸುತ್ತ ಸುತ್ತಿದಳು, ಮಣ್ಣು ಕೆದಕಿದಳು. ನಮ್ಮ ಭೂಮಿಯೇ ಅಂಥದ್ದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಂಜನಗೂಡಿನವಳಾದ ನಾನು ಬಿಡುತ್ತೇನೆಯೇ, ರಸಬಾಳೆಯ ಮಣ್ಣಿನ ಮಹಿಮೆಯನ್ನು ಎಳೆದು ತಂದು, “ಹೊಳೆ ದಂಡೆಯ ಮಣ್ಣು ಮಗಾ, ಚಿನ್ನ” ಎಂದು ಒಗ್ಗರಣೆ ಹಾಕಿದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬೋಗುಣಿ ಹಿಡಿದು ಬಂದವಳೇ, ನಮ್ಮೆಲ್ಲರ ಎದುರಿಗೇ, ಅಕ್ಕಿ ತೊಳೆದ ನೀರನ್ನೂ ಮಜ್ಜಿಗೆ ಗಡಿಗೆ ತೊಳೆದ ನೀರನ್ನೂ ಆ ಪಾತಿಗೆ ಸುರಿದಳು.

“ಅವ್ವಾ! ಏನದು?”

“ಕಲಗಚ್ಚು ಕಣವ್ವ.”

“ದಿನಾ ಹಾಕ್ತಿದ್ಯಾ?”

“ಊ, ದಿನಾ. ನೀನು ಗೊಬ್ಬರ ಆಕ್ಬ್ಯಾಡ ಅಂದೆ, ನಾನು ಒಂದ್ ಇಡೀನೂ ಆಕಿಲ್ಲ. ಕಲಗಚ್ಚು ಗೊಬ್ಬರವಾ? ದನ ಕುಡಿಯಾಕಿಲ್ವಾ?”

ಭಾವ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಿದ್ರಾ ನಾದ್ನೀರೆ, ನಿಮ್ಮಕ್ಕ ಸೈನ್ಸ್‌ಗೇ ಉಣ್ಣಾಕಿಕ್ಬುಟ್ಲು!” ಚೈತ್ರ ನಗಲಿಲ್ಲ. ಪಾತಿಯ ಬದುವಿನ ಮೇಲೆ ಕೂತುಬಿಟ್ಟಳು, ಕಣ್ಣು ತುಂಬಿತ್ತು. ಅಳತೆಯ ಕೋಲೇ ಬೆಳೆದುಬಿಟ್ಟರೆ ಅಳೆಯುವುದು ಏನನ್ನು? ಆಗ ಅಕ್ಕನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ಇಷ್ಟೇ: “ಮೂರ್ ಎಲೆ ಆಕಿ, ಎರಡಕ್ಕೆ ಬಡಿಸಿ, ಒಂದ ಬರಿದಾಗಿ ಬುಡು ಅಂದ್ರೆ ಎಂಗವ್ವ ಬುಡ್ಲಿ?”

ನಮ್ಮ ತವರಿನ ಪಾಠವದು, ಅಕ್ಕನ ಕೈಯಲ್ಲಿ ಉಳಿದುಕೊಂಡಿತ್ತು. ಸಾಲಿನಲ್ಲಿ ಕೂತವರು ಸಂಬಂಧಿಕರಿರಲಿ, ಕಳೆ ಕೀಳಲು ಬಂದವರಿರಲಿ, ಬಡಿಸುವ ಕೈ ಒಂದು ಎಲೆಯನ್ನೂ ಹಾರಿಸಿ ಮುಂದೆ ಹೋಗಕೂಡದು. ಪಂಕ್ತಿಭೇದದಂಥ ಪಾಪ ಇನ್ನೊಂದಿಲ್ಲ. ಆದರೆ ವಿಜ್ಞಾನ ನಿಂತಿರುವುದೇ ಪಂಕ್ತಿಭೇದದ ಮೇಲೆ! ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋದರೆ ಮಾತ್ರ ಅದಕ್ಕೆ ಸತ್ಯ ಕಾಣಿಸುವುದು. ಪಾತಿಗೂ ಪಂಕ್ತಿಗೂ ಇರುವ ಈ ಜಗಳದಲ್ಲಿ ಯಾರ ಪಕ್ಷ ವಹಿಸಬೇಕೋ ನನಗೆ ಈಗಲೂ ತಿಳಿಯದು.

“ಯಾರಿಗ್ ಗೊತ್ತಾಯ್ತದೆ, ಏನೂ ಆಕಿಲ್ಲ ಅಂತ ಬರ್ದಾಕು” ಎಂದರು ಭಾವ, ಮಗಳ ಮುಖ ನೋಡಲಾರದೆ. ಅದಕ್ಕೆ ಅಡ್ಡ ಬಂದವಳು ಅಕ್ಕನೇ. “ಬ್ಯಾಡ. ನಾನ್ ಕೆಡಿಸಿದ್ದು, ನಾನೇ ಕಾಯ್ತೀನಿ. ಇನ್ನೊಂದ್ ಸಲ ನೆಡು.” ಚೈತ್ರ ಕಾಲೇಜಿನ ಮೇಷ್ಟ್ರಿಗೆ ಫೋನು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದಳು. ಅವರು ಬೈದರಂತೆ, ನಕ್ಕರಂತೆ. ಪ್ರಾಜೆಕ್ಟು ಒಪ್ಪಿಸಲು ಇನ್ನೊಂದು ಬೆಳೆಯಾಗುವಷ್ಟು ಮಾತ್ರ ಕಾಲವಿದೆ, ಮತ್ತೆ ಕೆಟ್ಟರೆ ವರ್ಷವೇ ಹೋಗುತ್ತದೆ ಎಂದರಂತೆ.

ಹೊಸ ಪಾತಿಗಳು ಹುಲ್ಲಿನ ಮೆದೆಯ ಆಚೆಗೆ ಹೋದವು. ಹಾಗೆ ಕೇಳಿದವಳೂ ಅಕ್ಕನೇ: “ಕಣ್ಗೆ ಬಿದ್ರೆ ಕೈ ಸುಮ್ಕಿರಾಕಿಲ್ಲ.” ಕೊಟ್ಟಿಗೆಗೆ ಹೋಗುವಾಗಲೂ ಸುತ್ತಿನ ದಾರಿ ಹಿಡಿದಳು. ನೀರು ಹಾಯಿಸುವ ಕೆಲಸ ಭಾವನ ಪಾಲಿಗೆ ಬಂತು. ನಾನು ಫೋನು ಮಾಡಿದಾಗೆಲ್ಲ ಅವಳ ಕ್ಷೇಮಸಮಾಚಾರದ ಕೊನೆಗೊಂದು ನಿಟ್ಟುಸಿರು: “ಅದೊಂದ್ ಮಾತ್ರ ಒಣ್ಗಿಕೊಂಡು ನಿಂತೈತಂತೆ ಕಣೆ.”

ಎರಡನೆಯ ಕೊಯ್ಲಿಗೂ ಹೋದೆ. ಈ ಸಲ ಮೂರೂ ತಮ್ಮ ತಮ್ಮ ಕಥೆಯನ್ನು ಸ್ಪಷ್ಟವಾಗಿ ಹೇಳುತ್ತಿದ್ದವು. ಯೂರಿಯಾದ್ದು ಮಗುವಿನ ಅಂಗೈಯಷ್ಟಗಲ, ಮೆತ್ತಗೆ, ತಿಳಿಹಸಿರು. ಗೊಬ್ಬರದ್ದು ಹದವಾದ ಗಾತ್ರ, ದಟ್ಟ ಬಣ್ಣ. ಉಪವಾಸದ್ದು ಕಾಸಗಲ, ತೊಟ್ಟು ಕೆಂಪಡರಿತ್ತು. ಚೈತ್ರ ಎಲೆಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಮುಚ್ಚಿದ ಮೇಲೆ, ಉಳಿದದ್ದನ್ನು ನಾವು ಬಾಯಿಗೆ ಹಾಕಿಕೊಂಡೆವು. ಮೊದಲಿಗೆ ಯೂರಿಯಾದ್ದು: ನೀರು ನೀರು. ಗೊಬ್ಬರದ್ದು ನಮ್ಮವ್ವನ ಚಟ್ನಿ. ಮೂರನೆಯದನ್ನು ಅಗಿದ ಅಕ್ಕ ಮುಖ ಸೊಟ್ಟ ಮಾಡಿದಳು: “ಅಬ್ಬಾ ಒಗ್ರೇ! ಮುನಿಸ್ಕಂಡೈತೆ ಕಣವ್ವ ಇದು.”

ಚೈತ್ರ ಅವ್ವನನ್ನು ಅಪ್ಪಿಕೊಂಡಳು. “ಸರ್ಯಾಗಿ ಹೇಳ್ದೆ. ಸಾರಜನಕ ಬೇಕಾದಷ್ಟು ಸಿಕ್ಕಿದ್ರೆ ಗಿಡ ಎಲೆ ಬೆಳೆಸ್ತಾ ಕೂತ್ಕೊಳ್ತದೆ. ಸಿಗದಿದ್ರೆ ಇರೋದನ್ನ ಬಿಸಿಲಿಂದ, ಹುಳದಿಂದ ಕಾಪಾಡ್ಕೊಳ್ಳೋಕೆ ಈ ಒಗರನ್ನ ಮಾಡ್ಕೊಳ್ತದೆ.” ಅಂದರೆ, ಓದುಗ ಮಿತ್ರರೇ, ನಾವು ಔಷಧಿಯೆಂದು ಹೊಗಳಿ ತಿನ್ನುವುದು ಗಿಡ ತನಗೆಂದು ನೇಯ್ದುಕೊಂಡ ಕಂಬಳಿಯನ್ನು. ನಮ್ಮ ಆರೋಗ್ಯದ ಚಿಂತೆ ಅದಕ್ಕೆ ಲವಲೇಶವೂ ಇಲ್ಲ. ಹಾಗೆಂದು ಹಸಿವನ್ನು ಕೊಂಡಾಡುವ ಕವಿಗಳ ಸಾಲಿಗೆ ನಾನು ಸೇರಲಾರೆ. ಉಪವಾಸದ ಪಾತಿಯ ಸೊಪ್ಪೆಲ್ಲ ಸೇರಿ ಒಂದು ಹಿಡಿಯಾಗಿರಲಿಲ್ಲ, ಅದರ ಮುನಿಸಿನಿಂದ ಯಾರ ಮನೆಯ ಚಟ್ನಿಯೂ ಆಗುತ್ತಿರಲಿಲ್ಲ.

ಕೊಯ್ದ ಮೇಲೂ ಅಕ್ಕನಿಗೆ ಬಿಡುಗಡೆ ಸಿಗಲಿಲ್ಲ. ಲ್ಯಾಬಿನಲ್ಲಿ ಎಡವಟ್ಟಾದರೆ ಮತ್ತೆ ಎಲೆ ಬೇಕಾಗುತ್ತದೆ, ಮುಟ್ಟಬೇಡ ಎಂದು ಹೇಳಿ ಹೋಗಿದ್ದಳು ಮಗಳು. ಕೆಲವು ವಾರಗಳ ಮೇಲೆ ನಾನು ಮತ್ತೆ ಅಲ್ಲಿದ್ದಾಗ ಅವಳ ಫೋನು ಬಂತು. ತೂಕಕ್ಕೆ ತೂಕ ಹಿಡಿದರೆ ಉಪವಾಸದ್ದೇ ಮುಂದು, ಬೆನ್ನಿಗೇ ಗೊಬ್ಬರದ್ದು, ಹಿಂದೆ ಉಳಿದದ್ದು ಯೂರಿಯಾದ್ದು. ಪಾತಿಗೆ ಪಾತಿ, ಅಂದರೆ ಒಟ್ಟು ಸೊಪ್ಪಿನ ಲೆಕ್ಕ ಹಿಡಿದರೆ ಗೊಬ್ಬರದ್ದೇ ಗೆದ್ದಿತು. “ಒಂದು ಹಿತ್ತಲು, ಒಂದು ಬೆಳೆ ಅಷ್ಟೇ ಚಿಕ್ಕವ್ವ, ಊರೆಲ್ಲ ಸಾರಬೇಡ” ಎಂದು ನನಗೆ ಎಚ್ಚರಿಕೆ ಬೇರೆ. ಮೇಷ್ಟ್ರು ಒಪ್ಪಿದ್ದರು. ಮೊದಲ ಸಲದ ಕಲಗಚ್ಚಿನ ಕಥೆಯನ್ನೂ ಬರೆಯಲು ಹೇಳಿದ್ದರು.

“ನಾನು ಭತ್ತಕ್ಕೆ ಯೂರಿಯಾ ಆಕೋದ ಬುಡಾಕಿಲ್ಲ, ಈಗ್ಲೇ ಏಳ್ತೀನಿ. ಸೊಪ್ಪಿಗೆ ಬೇಕಾರೆ ಬ್ಯಾಡ” ಎಂದರು ಭಾವ, ಯಾರೂ ಕೇಳದಿದ್ದರೂ.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. “ಇನ್ ಆಕ್ಬೋದಾ?”

“ಹಾಕವ್ವ.”

ಮಂಕರಿ ತುಂಬ ಗೊಬ್ಬರ ಹೊತ್ತು ಅಕ್ಕ ಮೆದೆಯ ಆಚೆಗೆ ನಡೆದಳು, ಹಿಂದೆಯೇ ನಾನು. ಮೊದಲು ಹಸಿದ ಪಾತಿಗೆ ಎರಡೂ ಕೈಯಲ್ಲಿ ಬಾಚಿ ಹಾಕಿದಳು. ಆಮೇಲೆ ಗೊಬ್ಬರದ ಪಾತಿಗೆ. ಆಮೇಲೆ ತಡೆಯದೆ ಯೂರಿಯಾದ ಪಾತಿಯತ್ತ ತಿರುಗಿದಳು.

“ಅದಕ್ಯಾಕಕ್ಕ? ಅದು ತಿಂದು ಕೊಬ್ಬಿದೆ.”

ಅಕ್ಕ ತಲೆಯೆತ್ತಲಿಲ್ಲ. ಹಂಬುಗಳ ನಡುವೆ ಬೆರಳಾಡಿಸಿ ಗೊಬ್ಬರ ಹರಡುತ್ತಲೇ ಹೇಳಿದಳು:

“ಓಟ್ಲು ಊಟ ಉಂಡಿರೋದು ಕಣೆ ಅದು. ಒಂದ್ ತುತ್ತು ಮನೇದೂ ಉಣ್ಲಿ.”