ಏರಿಯ ಮೇಲಿನ ಈಜು

ಯಲಹಂಕದಲ್ಲಿ ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಕಾಲು ಸಡಿಲಾಗಲಿ ಅಂತ ಅಲ್ಲಾಳಸಂದ್ರ ಕೆರೆಯ ಏರಿಗೆ ಬಂದೆ. ಎಲ್ಲರೂ ಬಿರಬಿರನೆ ನಡೆಯುತ್ತಿದ್ದರೆ ಬೇಲಿಯ ಪಕ್ಕ ಅಜ್ಜ ಒಬ್ಬರು ನಿಂತಲ್ಲೇ ಕೈ ಬೀಸುತ್ತಿದ್ದರು. ಎಂಬತ್ತರ ಆಸುಪಾಸು. ಚಪ್ಪಲಿ, ಟವೆಲ್ಲು ಪಕ್ಕದ ಕಲ್ಲಿನ ಮೇಲಿದ್ದವು. ಒಂದು ಕೈಯನ್ನು ಮುಂದಕ್ಕೆ ಚಾಚಿ ಹಿಂದಕ್ಕೆಳೆಯುವರು, ಆಮೇಲೆ ಇನ್ನೊಂದು. ನಡುವೆ ಕತ್ತು ಹೊರಳಿಸಿ ಬಾಯಿಂದ ಉಸಿರೆಳೆಯುವರು. ಕಣ್ಣು ಮಾತ್ರ ಆಚೆ ದಡದ ಮೇಲೇ.

"ಇದ್ಯಾವ ವ್ಯಾಯಾಮರೀ, ಅಜ್ಜಾರ?" ಅಂದೆ.

"ತಡಿಯಪ್ಪ, ನಡುನೀರಲ್ಲಿವ್ನಿ."

ಸ್ವಲ್ಪ ಹೊತ್ತಿಗೆ ಅವರು ಕೈ ಇಳಿಸಿ, ತಲೆ ವಾಲಿಸಿ, ಕಿವಿಯೊಳಗಿನ ನೀರು ತೆಗೆಯುವವರ ಹಾಗೆ ಒಂಟಿಕಾಲಲ್ಲಿ ಕುಪ್ಪಳಿಸಿದರು. ಬೀಳುತ್ತಾರೇನೋ ಅಂತ ಕೈ ಚಾಚಿದೆ. ಬೀಳಲಿಲ್ಲ.

ಹುಡುಗರಾಗಿದ್ದಾಗ ಎಮ್ಮೆಗಳ ಜೊತೆ ಆಚೆ ದಡ ಮುಟ್ಟಿ ಬರುತ್ತಿದ್ದರಂತೆ. "ಈಗ ನೀರಿಗೆ ಇಳೀಬಾರ್ದು ಅಂತ ಬೋರ್ಡ್ ಆಕವ್ರೆ. ಈಜ್‌ಬಾರ್ದು ಅಂತ ಆಕಿಲ್ವಲ್ಲ. ದಿನಾ ಓಗ್ಬತ್ತೀನಿ. ಬಿಟ್ರೆ ಭುಜ ಇಡ್ಕೊಂಬುಡ್ತದೆ."

ನಮ್ಮೂರಿನ ಬಾವಿ ನೆನಪಾಯಿತು. ಅದರಲ್ಲಿ ಮಧ್ಯಾಹ್ನವೆಲ್ಲ ಬಿದ್ದಿರುತ್ತಿದ್ದ ನಾನು ಈಗ ಕೈ ಎತ್ತಿ ನೋಡಿದರೆ, ಅದು ಕಿವಿಯ ಮಟ್ಟಕ್ಕೇ ನಿಂತಿತು. ಅಜ್ಜ ಅದನ್ನು ನೋಡಿದರು. ನನ್ನ ಪಕ್ಕ ನಿಂತು ಮತ್ತೆ ಶುರು ಮಾಡಿದರು. ನಾನೂ ಆದಷ್ಟು ಬೀಸಿದೆ.

ಮುಗಿದ ಮೇಲೆ ಅವರು ಟವೆಲ್ಲಿನಿಂದ ತಲೆ ಒರೆಸಿಕೊಂಡರು.

"ನೀರು ತಣ್ಣಗಿತ್ತೇನ್ರೀ?" ಅಂದೆ. ಹಾಸ್ಯಕ್ಕಲ್ಲ, ಯಾಕೋ ಕೇಳಬೇಕೆನಿಸಿತು.

ಅವರು ಕೆರೆಯನ್ನೇ ನೋಡುತ್ತ ನಿಂತರು.

"ಅದೊಂದೇ ಗೊತ್ತಾಗಲ್ಲ ಕಣಪ್ಪ."