ಹಡಗಿನ ಅಡುಗೆಯವನಿಗೊಂದು ಚಪ್ಪಾಳೆ

ಆರ್ಗನ್ ವಾದನ ನಿಂತ ಕೂಡಲೇ ನಾನು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಲೈಡನ್ ಎಂಬ ಡಚ್ ಊರಿನ ಆ ದೊಡ್ಡ ಚರ್ಚಿನಲ್ಲಿ ಕೇಳಿಸಿದ್ದು ನನ್ನೆರಡು ಕೈಗಳ ಸದ್ದು ಮಾತ್ರ.

“ಏ, ಸುಮ್ನಿರೇ! ಪ್ರೋಗ್ರಾಂ ಶೀಟಲ್ಲಿ ಬರ್ದಿದಾರೆ, ಇದಕ್ಕೆ ಕ್ಲ್ಯಾಪ್ ಮಾಡ್ಬಾರ್ದಂತೆ,” ಎಂದು ಪಕ್ಕದಲ್ಲಿದ್ದ ಗಂಡ ಪಿಸುಗುಟ್ಟಿದರು.

ಬಹಳ ಹಿಂದೆ ಬಿರುಗಾಳಿಗೆ ಸಿಕ್ಕಿ ಮುಳುಗಿದ ಹಡಗೊಂದರ ಜನರ ನೆನಪಿಗೆ ರಚಿಸಿದ ಕೃತಿಯಂತೆ ಅದು. ನನಗೋ ಡಚ್ ಓದಲು ಬಾರದು. ಮೈಸೂರಿನ ಸಂಗೀತ ಕಛೇರಿಗಳಲ್ಲಿ ಕೂತು ಬೆಳೆದವಳು, ತೊಡೆಯ ಮೇಲೆ ತಾಳ ಹಾಕುತ್ತಾ ಆರ್ಗನ್ನಿನಲ್ಲಿ ಮೊಳಗಿದ ಆ ಬಿರುಗಾಳಿಯನ್ನು ಚೆನ್ನಾಗಿಯೇ ಸವಿದಿದ್ದೆ. ಅಂಥ ಭರ್ಜರಿ ಮುಕ್ತಾಯಕ್ಕೆ ನಮ್ಮಲ್ಲಿ ಸುಮ್ಮನೆ ಕೂತರೆ ಅದೇ ಅವಮಾನ!

ಮುಂದಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ನಿಧಾನವಾಗಿ ತಿರುಗಿದರು. ಬೈಗುಳ ಗ್ಯಾರಂಟಿ ಎಂದುಕೊಂಡು ನಾನು ಮುದುಡಿ ಕೂತೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ಆ ಹಡಗಿನಲ್ಲಿ ನಮ್ಮ ಮುತ್ತಜ್ಜ ಅಡುಗೆ ಮಾಡುತ್ತಿದ್ದ. ಪ್ರತಿ ವರ್ಷ ಬಂದು ಎಲ್ಲರೂ ಅವನಿಗಾಗಿ ತಲೆ ತಗ್ಗಿಸಿ ಕೂರುತ್ತೇವೆ. ಚಪ್ಪಾಳೆ ತಟ್ಟಿದವರು ನೀವೇ ಮೊದಲು.”

ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೂ ಮೆಲ್ಲನೆ ಎರಡು ಚಪ್ಪಾಳೆ ತಟ್ಟಿ ನಕ್ಕರು. ಕಣ್ಣು ಮಾತ್ರ ತುಂಬಿತ್ತು.

ಈಗ ಸಾರು ಕುದಿಸುವಾಗ ಒಮ್ಮೊಮ್ಮೆ ಆ ಕೃತಿಯನ್ನು ಫೋನಿನಲ್ಲಿ ಹಾಕಿಕೊಳ್ಳುತ್ತೇನೆ. ಬಿರುಗಾಳಿ ಮುಗಿದಾಗ ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತೇನೆ. ಹಾಲ್‌ನಿಂದ ಗಂಡನ ಚಪ್ಪಾಳೆಯೂ ಕೇಳಿಸುತ್ತದೆ.