ಗೌರಮ್ಮನ ಎರಡನೆಯ ದೋಣಿ

ಸೇಡಂನಿಂದ ಒಂದು ಮನೆಯವರನ್ನು ನನ್ನ ಬಾಡಿಗೆ ಜೀಪಿನಲ್ಲಿ ಚಿಂಚೋಳಿ ಕಡೆಯ ಕೆರೆಗೆ ಕರೆದೊಯ್ದಿದ್ದೆ. ಮನೆಯ ಹಿರಿಯರು ಗೌರಮ್ಮ. ಹಸುಗೂಸಾಗಿದ್ದಾಗ ತುಂಬಿದ ಕಾಗಿಣಾ ಹೊಳೆಯಲ್ಲಿ ದೋಣಿ ಮುಳುಗಿ, ಬುಟ್ಟಿಯಲ್ಲಿ ತೇಲಿ ಬದುಕಿದವರು. ಆ ಕಥೆಯನ್ನು ಅವರ ಇಬ್ಬರು ಸೊಸೆಯಂದಿರು ದಾರಿಯುದ್ದಕ್ಕೂ ಹೇಳಿದರು. ಗೌರಮ್ಮ ಹೊರಗಿನ ಹೊಲಗಳನ್ನು ನೋಡುತ್ತ ಕೂತಿದ್ದರು.

ಕೆರೆಯಲ್ಲಿ ದೋಣಿ ಕಂಡದ್ದೇ ತಡ, ಗೌರಮ್ಮ ಹತ್ತಿ ಕೂತುಬಿಟ್ಟರು. ಸೊಸೆಯಂದಿರು ಅಲ್ಲಿಯೂ ಕಥೆ ಶುರು ಮಾಡಿದರು. ಕೇಳಿದ ಅಂಬಿಗ ಹುಟ್ಟು ಕೆಳಗಿಟ್ಟ.

"ಆಯಿ, ಒಂದು ದೋಣಿ ಮುಳುಗಿಸಿ ಬಂದೀರಿ. ನಂದು ಇದೊಂದೇ ಅದ. ಇಳೀರಿ."

"ಮುಳುಗಿದ್ದು ದೋಣಿ, ನಾ ಅಲ್ಲ. ನಡಿ."

"ಅತ್ತಿ, ಮತ್ತ ನೀರಿನ ಉಸಾಬರಿ ಯಾಕ್ರಿ?" ಎಂದಳು ಹಿರಿಯ ಸೊಸೆ.

"ಎಲ್ಲಾರೂ ನನ್ನ ಕತಿ ಹೇಳ್ತೀರಿ. ನನಗೇ ಏನೂ ನೆನಪಿಲ್ಲ. ಒಮ್ಮಿ ನಾನೂ ನೋಡಬೇಕಲ್ಲ."

ಅಂಬಿಗ ಕರಗಿದ. ಆದರೆ ದೋಣಿ ವಾಲುತ್ತದೆ, ಎದುರಿಗೆ ಇನ್ನೊಬ್ಬರು ಕೂರಬೇಕು ಎಂದ. ಸೊಸೆಯಂದಿರು ನನ್ನನ್ನು ನೋಡಿದರು. ನನಗೆ ಈಜು ಬರದು. ಅದನ್ನು ಹೇಳುವ ಮೊದಲೇ ಗೌರಮ್ಮ, "ತಮ್ಮಾ, ಕುಂದ್ರು" ಎಂದರು.

ಕೂತೆ. ದೋಣಿ ಅಲುಗಾಡಿದಾಗಲೆಲ್ಲ ಅವರು ಸಣ್ಣ ಹುಡುಗಿಯ ಹಾಗೆ ನಕ್ಕು, "ಇನ್ನೊಮ್ಮಿ ಅಲುಗಿಸು" ಎಂದರು. ನಾನು ಕಣ್ಣು ಮುಚ್ಚಿ ಅವರ ಸೆರಗು ಹಿಡಿದಿದ್ದೆ.

ವಾಪಸು ಬರುವಾಗ ಸೊಸೆಯಂದಿರಿಗೆ ಬಾಯಿ ತೆರೆಯಲು ಬಿಡದೆ ಗೌರಮ್ಮನೇ ಆ ದಿನದ ದೋಣಿಯ ಕಥೆ ಹೇಳಿದರು. ಅವರ ಕಥೆಯಲ್ಲಿ ಅಲೆಗಳು ಈಚಲಮರದಷ್ಟು ಎತ್ತರ, ಸೆರಗು ಹಿಡಿದು ಜೀವ ಉಳಿಸಿಕೊಂಡವನು ಡ್ರೈವರ್.

ಅಲೆಯ ಮಾತು ಮಾತ್ರ ಸುಳ್ಳು.